ರಾಮಾಂಜಿನಪ್ಪನ ರೂಪಾಯಿ ಗುರುತು

ದೊಡ್ಡಬಳ್ಳಾಪುರದಲ್ಲಿ ತಕ್ಕಡಿ ರಿಪೇರಿಯ ರಾಮಾಂಜಿನಪ್ಪ ಅಂತ ಒಬ್ಬನಿದ್ದಾನೆ ಕಣಮ್ಮಾ, ಮೊದಲು ಮಗ್ಗದವರಿಗೆ ಸೀರೆ ಅಂಚಿನ ಹೂವನ್ನು ಚೌಕುಳಿ ಕಾಗದದಲ್ಲಿ ಬರೆದುಕೊಡುತ್ತಿದ್ದವನು. ಈಗ ಉಗುರಿನಷ್ಟಗಲದ ಚಿಪ್‌ನಿಂದ ವೈರಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಪುಟ್ಟ ಪರದೆಗೆ ತೂಕದ, ಬೆಲೆಯ ಅಂಕಿ ಕಳಿಸುತ್ತಾನೆ. ಅಂಕಿಗಳು ಸರಿಯಾಗಿಯೇ ಬರುತ್ತವೆ, ₹ ಕಳಿಸಿದರೆ ಮಾತ್ರ ಮೂರು ಸೊಟ್ಟ ಗೀಟು; ಆ ಗುರುತು ಪರದೆಗೆ ಗೊತ್ತೇ ಇಲ್ಲ. ಅವನು ಕನ್ನಡಕವನ್ನು ಹಣೆಗೇರಿಸಿ ಪರದೆಯನ್ನೇ ವಿಚಾರಿಸಿಕೊಳ್ಳುತ್ತಾನೆ: "ಏನಪ್ಪಾ, ಒಬ್ಬನ್ನ ಕಳಿಸಿದ್ರೆ ಮೂವರು ಬಂದ್ರಲ್ಲಾ, ದಾರೀಲಿ ಯಾರು ಸೇರ್ಕೊಂಡ್ರು?" ಪಕ್ಕದಂಗಡಿಯವರು "ಆರ್ ಎಸ್ ಅಂತ ಹಾಕ್ಬಿಡು ಗುರು" ಎಂದು ರೇಗಿಸಿದರೂ ಕೇಳುವುದಿಲ್ಲ, ಮುಂದಿಟ್ಟ ಕಾಫಿಯಲ್ಲಿ ಕೆನೆ ಕಟ್ಟುತ್ತದೆ. ಕೊನೆಗೆ ಹಳೆಯ ಚೌಕುಳಿ ಕಾಗದ ಹುಡುಕಿ, ಸೀರೆಯ ಹೂವಿನಂತೆಯೇ ಆ ಗುರುತನ್ನು ಚುಕ್ಕಿ ಚುಕ್ಕಿಯಾಗಿ ಬರೆದು, ಅದೇ ಚುಕ್ಕಿಗಳನ್ನು ಪರದೆಗೆ ಕಲಿಸಿದ. ಇಷ್ಟು ಹಠ ಯಾಕೆ ಅಂತೀಯಾ? ಅವನ ಹೆಂಡತಿ ನರಸಮ್ಮ ಅಂಗಡಿ ಮುಂದೆಯೇ ಅದೇ ತಕ್ಕಡಿಯಿಟ್ಟು ಹೂವು ಮಾರುತ್ತಾಳೆ. ಅವಳಿಗೆ ಅಂಕಿ ಓದಲು ಬರುತ್ತದೆ, ಅಕ್ಷರ ಬಾರದು. ಪರದೆಯಲ್ಲಿ ಎರಡು ಸಾಲು ಅಂಕಿ ಕಂಡರೆ ಗಿರಾಕಿಗಳ ಎದುರೇ ಒಳಗಿರುವ ಗಂಡನನ್ನು ಕೂಗಬೇಕು: "ಏನೂಂದ್ರೆ, ಇದ್ರಲ್ಲಿ ತೂಕ ಯಾವ್ದು, ಕಾಸ್ ಯಾವ್ದು?" ಇವನು ಎದ್ದು ಬಂದು ತೋರಿಸುವಷ್ಟರಲ್ಲಿ ಅವರು ಮುಸಿಮುಸಿ ನಗುತ್ತಾರೆ. ನೋಟಿನ ಮೇಲೆ ದಿನಾ ನೋಡುವ ಗುರುತಾದರೆ ಅವಳಿಗೆ ಗೊತ್ತು. ಇವತ್ತು ಬೆಳಿಗ್ಗೆ ಕನಕಾಂಬರ ತೂಗಿ, ಪರದೆ ನೋಡಿ, ಗಿರಾಕಿಗೆ "ಅರವತ್ತು ಕೊಡಿ ಸ್ವಾಮಿ" ಅಂದಳು. ಒಳಗೆ ರೂಢಿಯಂತೆ ಅರ್ಧ ಎದ್ದಿದ್ದ ರಾಮಾಂಜಿನಪ್ಪ ಹಾಗೇ ಮೆಲ್ಲಗೆ ಕುಳಿತುಕೊಂಡ.