ಓದು ನಿಲ್ಲಿಸಿದ ತಿರ್ಜಾ ಟೀಚರ್

ಗಲಿಲಾಯದ ನಮ್ಮ ಬೆಟ್ಟದೂರಿನಲ್ಲಿ ಪೌರನೀತಿಯೆಂದರೆ ಪರೀಕ್ಷೆಗಾಗಿ ಉರುಹೊಡೆದು ಮರುದಿನವೇ ಮರೆಯುವ ವಿಷಯವಾಗಿದ್ದ ಕಾಲದಲ್ಲಿ, ಅದನ್ನು ಬದುಕಿನ ಶಿಸ್ತಾಗಿ ಕಲಿಸಿದ ಮಾನ್ಯ ಶ್ರೀಮತಿ ತಿರ್ಜಾ ಜಿಲ್ಬರ್‌ಫಾರ್ಬ್ ಅವರು ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಪಾಠ ಕೇಳಿದವರೇ ಇಂದು ಊರನ್ನು ಆಳುತ್ತಿದ್ದಾರೆ. ಅದು ಅವರ ಹಿರಿಮೆ. ಅವರ ಸಂಕಟವೂ ಅದೇ.

ಅವರ ತಂದೆ ದೂರದ ವಿಲ್ನಾ ನಗರದಲ್ಲಿ ಓದುವಾಗ ತರಗತಿಯಲ್ಲಿ ಯೆಹೂದಿಗಳಿಗೆಂದೇ ಬೇರೆ ಬೆಂಚು ಹಾಕಿದ್ದರು. ಅದರ ಮೇಲೆ ಕೂರಲೊಲ್ಲದೆ ಅವರು ಪಾಠವನ್ನೆಲ್ಲ ನಿಂತೇ ಕೇಳಿದರು. “ಬೆಂಚು ಹಾಕ್ದೋರು ಕಳ್ಳರಲ್ಲಮ್ಮ, ಬಹುಮತದೋರು” ಎಂದು ಮಗಳಿಗೆ ಹೇಳುತ್ತಿದ್ದರಂತೆ. ಆ ಮಾತು ತಿರ್ಜಾ ಅವರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ನಮ್ಮ ಪುರಾತನ ಯೆಹೂದಿ ನ್ಯಾಯಸ್ಥಾನಗಳಲ್ಲಿ ಹಿರಿಯರ ಮುಖ ನೋಡಿ ಕಿರಿಯರು ಮಾತು ನುಂಗಬಾರದೆಂದು ಎಲ್ಲರಿಗಿಂತ ಕಿರಿಯ ನ್ಯಾಯಾಧೀಶನನ್ನೇ ಮೊದಲು ಕೇಳುತ್ತಿದ್ದರು. ತಿರ್ಜಾ ಅವರ ತರಗತಿಯಲ್ಲಿಯೂ ಅದೇ ಪದ್ಧತಿ. ಚರ್ಚೆಯಲ್ಲಿ ಸೋತ ಪಕ್ಷದ ವಾದವನ್ನು ಹಲಗೆಯಿಂದ ಅಳಿಸಲು ಅವರು ಬಿಡುತ್ತಿರಲಿಲ್ಲ. ಇಂದಿನ ಪುರಸಭಾಧ್ಯಕ್ಷ ಅಮ್ನೋನ್ ಬಾಲ್ಯದಲ್ಲಿ ಉಗ್ಗುತ್ತಿದ್ದರು. ಅವರು ಒಂದು ವಾಕ್ಯ ಮುಗಿಸುವವರೆಗೆ ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯುವಂತೆ ಮಾಡಿದವರು ಈ ತಾಯಿ. ಈಗ ಅಧ್ಯಕ್ಷರ ನಾಲಗೆ ಎಲ್ಲಿಯೂ ತಡವರಿಸುವುದಿಲ್ಲ.

ನಮ್ಮ ಚಿಕಿತ್ಸಾಲಯದ ನರ್ಸ್ ನವಾಲ್ ಶೆಹಾದೆ ಅರಬ್ ಹೆಣ್ಣುಮಗಳು. ಊರಿನ ಅರ್ಧ ಜನರ ರಕ್ತದೊತ್ತಡ ಅವರ ಕೈಯಲ್ಲಿದೆ. ತಮ್ಮ ಮಗಳು ಲಯಾನ್ ಮತ್ತು ಊರಿನ ಕೆಲವೇ ಅರಬ್ ಮಕ್ಕಳಿಗೆ ತಾಯ್ನುಡಿಯ ಶಿಶುವಿಹಾರ ನಡೆಸಲು ಅವರು ಶಾಲೆಯ ಖಾಲಿ ಕೋಣೆಯೊಂದನ್ನು ಕೇಳಿದರು. ಪುರಸಭೆ ಕೈಯೆತ್ತಿ ಮತ ಹಾಕಿ ನಿರಾಕರಿಸಿತು. ವಿಚಾರಿಸಲು ಹೋದ ಗುರುವಿಗೆ ಅಮ್ನೋನ್ ನಗುತ್ತಾ, “ಟೀಚರ್, ಕೈ ಎಣಿಸೋದನ್ನ ನೀವೇ ಅಲ್ವಾ ಕಲಿಸಿದ್ದು?” ಎಂದರು.

“ಎಣಿಸಿದ್ಮೇಲೂ ಒಂದು ಪಾಠ ಇತ್ತಪ್ಪ. ಅವತ್ತು ನೀನು ಚಕ್ಕರ್ ಹೊಡೆದಿದ್ದೆ.”

ಅನ್ಯಾಯಕ್ಕೊಳಗಾದವರು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಬೆಳಿಗ್ಗೆ ಪ್ರಾರ್ಥನಾಲಯದಲ್ಲಿ ಧರ್ಮಗ್ರಂಥವಾದ ತೋರಾದ ಪಠಣವನ್ನು ತಡೆಯಬಹುದು, ದೂರು ಕೇಳುತ್ತೇವೆಂದು ಹಿರಿಯರು ಮಾತು ಕೊಡುವವರೆಗೆ ಓದು ಸಾಗುವಂತಿಲ್ಲ ಎಂಬ ಹಳೆಯ ಪದ್ಧತಿಯೊಂದು ನಮ್ಮಲ್ಲಿದೆ. ಎಷ್ಟೋ ವಿಧವೆಯರು, ದಿಕ್ಕಿಲ್ಲದವರು ಹಿಂದೆ ಹಾಗೆ ನಿಂತಿದ್ದರು. ಮುಂದಿನ ಸಬ್ಬತ್ತಿನಂದು ತಿರ್ಜಾ ಅವರು ಹೆಂಗಸರ ಮಹಡಿಯಿಂದ ಇಳಿದು ಬಂದು, ತೋರಾ ಸುರುಳಿಯಿಟ್ಟ ಮೇಜಿನ ಮುಂದೆ ನಿಂತರು.

ಪ್ರಾರ್ಥನಾಲಯದ ಮೇಲ್ವಿಚಾರಕ ಫೈವೆಲ್ ಸಿಡುಕಿದರು: “ಅಮ್ಮಾ, ಇದು ನಮ್ಮೋರ ದೂರಿಗಿರೋ ಪದ್ಧತಿ. ಆ ನರ್ಸ್ ನಮ್ಮೋಳಾ?”

“ನಿಮ್ಗೆ ಸೂಜಿ ಚುಚ್ಚೋವಾಗ ಕೇಳಿದ್ರಾ ಇದನ್ನ? ಅವಳು ಇಲ್ಲಿ ಬಂದು ನಿಲ್ಲೋ ಹಾಗಿಲ್ಲ. ಅದಕ್ಕೇ ನಾನು ನಿಂತಿದೀನಿ.”

“ಮನೇಲಿ ರಾತ್ರಿಯಿಂದ ಒಲೆ ಮೇಲಿರೋ ಚೋಲೆಂಟ್ ತಳ ಹತ್ತುತ್ತೆ ಕಣ್ರೀ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

“ಹತ್ಲಿ” ಎಂದರು ತಿರ್ಜಾ, ತಂದೆಯಂತೆಯೇ ನಿಂತು.

ಕೊನೆಗೆ ಅಮ್ನೋನ್ ಎದ್ದು, ವಿಷಯವನ್ನು ಮತ್ತೆ ಪುರಸಭೆಯ ಮುಂದೆ ತರುವುದಾಗಿ ಮಾತು ಕೊಟ್ಟರು. ತಂದರು ಕೂಡ. ಅಲ್ಲಿ ತಿರ್ಜಾ ಅವರು ಕೋರಿದ್ದು ಒಂದೇ: ಎಲ್ಲರಿಗಿಂತ ಕಿರಿಯ ಸದಸ್ಯರು ಮೊದಲು ಮಾತಾಡಲಿ. ಕಿರಿಯಳಾದ ನೋಗಾ ತಿರ್ಜಾ ಅವರದೇ ಅಚ್ಚುಮೆಚ್ಚಿನ ಶಿಷ್ಯೆ. ಅವಳು ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ಒಂದಿಷ್ಟೂ ಅಳುಕದೆ, “ಬೇಡ. ಇವತ್ತು ಕೋಣೆ ಕೊಟ್ರೆ ನಾಳೆ ಬೀದಿ ಕೇಳ್ತಾರೆ” ಎಂದಳು. ಆ ನಿರ್ಭೀತಿಯೂ ತಿರ್ಜಾ ಅವರ ಪಾಠದ ಫಲವೇ. ಕೈಗಳು ಮತ್ತೆ ಮೇಲೆದ್ದವು, ಕೋಣೆ ಸಿಗಲಿಲ್ಲ. ತಿರ್ಜಾ ಅವರು ಮನೆಗೆ ಹೋಗಿ ಅತ್ತರು.

ಮರುವಾರ ಪ್ರಾರ್ಥನಾಲಯದ ಸಮಿತಿ ಓದು ತಡೆಯುವ ಪದ್ಧತಿಯನ್ನೇ ಕೈಬಿಟ್ಟಿತು, ಅದನ್ನೂ ಕೈಯೆತ್ತಿಯೇ. ಲಯಾನ್ ಶಿಶುವಿಹಾರಕ್ಕಾಗಿ ಬೇರೆ ಊರಿನ ಬಸ್ಸು ಹತ್ತಿದಳು. ನವಾಲ್ ಅವರು ಮಾತ್ರ ಇಂದಿಗೂ ಫೈವೆಲ್ ಅವರ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿ, “ಕೋಪ ಕಮ್ಮಿ ಮಾಡ್ಕೊಳಿ ಯಜಮಾನ್ರೇ” ಎನ್ನುತ್ತಾರೆ.

ಈ ಅಭಿನಂದನಾ ಸಂಪುಟದ ಮುದ್ರಣಕ್ಕೆ ನೆರವಾದ ನಮ್ಮ ಉದಾರ ಪುರಸಭೆ, ಬೀಗ ಜಡಿದ ಅದೇ ಕೋಣೆಗೆ ‘ತಿರ್ಜಾ ಜಿಲ್ಬರ್‌ಫಾರ್ಬ್ ಪ್ರಜಾಪ್ರಭುತ್ವ ಮಂದಿರ’ ಎಂದು ಹೆಸರಿಡಲು ನಿರ್ಧರಿಸಿದೆ. ಸುದ್ದಿ ಹೇಳಲು ಹೂಗುಚ್ಛ ಹಿಡಿದು ಬಂದ ಅಮ್ನೋನ್, “ಸರ್ವಾನುಮತ, ಟೀಚರ್! ಒಂದು ಕೈಯೂ ಕೆಳಗಿರ್ಲಿಲ್ಲ” ಎಂದರು.

ತಿರ್ಜಾ ಅವರು ಹೂವನ್ನು ಮುಟ್ಟಲಿಲ್ಲ. “ಹಳೇ ನ್ಯಾಯಸ್ಥಾನದಲ್ಲಿ ಎಲ್ರೂ ಒಂದೇ ಬಾಯಲ್ಲಿ ತಪ್ಪಿತಸ್ಥ ಅಂದ್ಬಿಟ್ರೆ, ಇವನ ಪರ ಯೋಚಿಸೋಕೆ ಒಬ್ಬನೂ ಇರ್ಲಿಲ್ಲ ಅಂತ ಆರೋಪಿನ ಬಿಟ್ಬಿಡ್ತಿದ್ರಂತೆ. ನನ್ನನ್ನೂ ಬಿಟ್ಬಿಡಪ್ಪ.”

ನೂರಿಪ್ಪತ್ತು ವರ್ಷ ಬಾಳಿ ಎಂದು ಹರಸುವುದು ನಮ್ಮ ಜನರ ವಾಡಿಕೆ. ತಿರ್ಜಾ ಅವರಿಗೆ ಅಷ್ಟೂ ಆಯುಸ್ಸು, ಅಷ್ಟೂ ಕಾಲ ನಿಲ್ಲುವ ಕಾಲ್ಬಲ ದೊರೆಯಲಿ. ಆ ಕೋಣೆಯಲ್ಲಿ ಮಕ್ಕಳ ಗಲಾಟೆಯನ್ನು ಅವರು ಕಿವಿಯಾರೆ ಕೇಳುವಂತಾಗಲಿ. ನಮ್ಮೂರಿನ ನಡಿಗೆ ನೋಡಿದರೆ, ಲಯಾನಳ ಮೊಮ್ಮಕ್ಕಳ ಗಲಾಟೆಯಾದರೂ ಆದೀತು.