ಬಣ್ಣ ಹಚ್ಚದ ಸಾರಸ

ಗಂಡ ಸತ್ತಾಗ ಅಹಲ್ಯಾ ಅಳಲಿಲ್ಲ. ದಿಲ್ಲಿಯ ರೋಹಿಣಿ ಬಡಾವಣೆಯ ಆ ಸರ್ಕಾರಿ ಫ್ಲ್ಯಾಟುಗಳ ಸಾಲಿನಲ್ಲಿದ್ದ ಕನ್ನಡದವರೆಲ್ಲ ಬಂದು ಚಾಪೆಯ ಮೇಲೆ ಕೂತರು, ಅವಳು ಅಳಲೆಂದು ಕಾದರು, ಕೊನೆಗೆ "ಗಟ್ಟಿಗಿತ್ತಿ ಕಣ್ರೀ" ಎಂದು ಬಿರುದು ಕೊಟ್ಟು ಎದ್ದುಹೋದರು. ಬಿರುದು ಕೊಡುವುದಕ್ಕೆ ನಮ್ಮ ಜನಕ್ಕೇನು ಖರ್ಚು? ಹೊತ್ತುಕೊಂಡವರ ಪಾಡು ಯಾರಿಗೆ ಬೇಕು! ಒಮ್ಮೆ ಗಟ್ಟಿಗಿತ್ತಿ ಎನಿಸಿಕೊಂಡ ಮೇಲೆ ಅಹಲ್ಯಾಳಿಗೆ ಅಳುವ ದಾರಿಯೇ ಮುಚ್ಚಿಹೋಯಿತು.

ನಿಜ ಹೇಳಬೇಕೆಂದರೆ ಅದು ಗಟ್ಟಿತನವೇ ಅಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಇಂಜೆಕ್ಷನ್ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಬಿಸಿ ಪಾತ್ರೆ ಮುಟ್ಟಿದರೆ ಕೈ ಹಿಂದೆಗೆಯುತ್ತಿತ್ತು, ಸುಟ್ಟಿತು ಅನಿಸುತ್ತಿರಲಿಲ್ಲ.

ಗಂಡ ಮುರಳೀಧರ ಸಚಿವಾಲಯವೊಂದರಲ್ಲಿ ಗುಮಾಸ್ತನಾಗಿದ್ದ. ಜನವರಿಯ ಮಂಜಿನಲ್ಲಿ ಒಂದು ದಿನ ಮೆಟ್ರೋ ಹಿಡಿದು ಸೆಂಟ್ರಲ್ ಸೆಕ್ರೆಟೇರಿಯಟ್ಟಿನ ಆಫೀಸಿಗೆ ಹೋದವನು ಕುರ್ಚಿಯಲ್ಲೇ ಕುಸಿದ. ಸರ್ಕಾರದ ಅನುಕಂಪಕ್ಕೆ ಸಾಮಾನ್ಯವಾಗಿ ಕಾಲಿರುವುದಿಲ್ಲ, ಅದು ತೆವಳಿಕೊಂಡು ಬರುವಷ್ಟರಲ್ಲಿ ವಿಧವೆಗೆ ಮೊಮ್ಮಕ್ಕಳಾಗಿರುತ್ತಾರೆ. ಅಹಲ್ಯಾಳ ಪಾಲಿಗೆ ಅದ್ಯಾವ ಪುಣ್ಯವೋ, ಮಳೆಗಾಲ ಕಳೆಯುವುದರೊಳಗೆ ಅನುಕಂಪದ ನೌಕರಿ ಬಂತು. ಅದೇ ಸೆಕ್ಷನ್, ಅದೇ ಕಿಟಕಿ. ಅವನ ಕುರ್ಚಿಯ ಬೆನ್ನಿಗಿದ್ದ ಬಿಳಿ ಟವೆಲನ್ನು ಅವಳು ಮನೆಗೆ ತಂದು ಒಗೆದು, ಸೋಮವಾರ ಮತ್ತೆ ಅಲ್ಲೇ ಹೊದಿಸಿ, ಅದಕ್ಕೇ ಒರಗಿ ಕೂತಳು. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ಮೊಹರು ಒತ್ತುವುದು. "ಮುರಳಿಜಿ ಹೀಗೆ ಮಾಡ್ತಿದ್ರು, ಹಾಗೆ ಮಾಡ್ತಿದ್ರು" ಎಂದು ಸಹೋದ್ಯೋಗಿಗಳು ಹೇಳುವಾಗ ತಲೆಯಾಡಿಸುತ್ತಿದ್ದಳು. ಅವಳು ಆ ಹೆಸರನ್ನು ಬಾಯಲ್ಲಿ ಅಂದವಳೇ ಅಲ್ಲ. ಮದುವೆಯಾದಾಗಿನಿಂದ ಅವನು ಅವಳಿಗೆ "ರೀ", ಅಷ್ಟೇ.

ತನ್ನ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಭಯವಿದ್ದದ್ದು ಮಗಳ ಬಗ್ಗೆ. ಎಂಟನೇ ಕ್ಲಾಸಿನ ಪ್ರಕೃತಿಯೂ ಅತ್ತಿರಲಿಲ್ಲ. ಅಮ್ಮ ಅಳದ ಮೇಲೆ ತಾನು ಹೇಗೆ ಅಳುವುದು ಎಂದುಕೊಂಡಳೋ ಏನೋ. ಮೊದಲೆಲ್ಲ ಹಿಂದಿ, ಕನ್ನಡ, ಇಂಗ್ಲಿಷ್ ಮೂರನ್ನೂ ಕಲಸಿ ಮನೆ ತುಂಬ ವಟಗುಟ್ಟುತ್ತಿದ್ದ ಹುಡುಗಿ ಈಗ ಹೂಂ, ಉಹೂಂ ಎಂಬ ಎರಡೇ ಮಾತಿಗೆ ಇಳಿದಿದ್ದಳು. ಮಗು ನನ್ನ ಹಾಗೇ ಆಗಿಬಿಟ್ಟರೆ? ಅಹಲ್ಯಾಳ ಒಳಗೆ ಜೀವವಿದ್ದ ಜಾಗ ಅದೊಂದೇ.

ದಸರಾ ರಜೆ ಮುಗಿದ ಮೇಲೆ ಒಂದು ಸಂಜೆ ಪ್ರಕೃತಿ ಶೂ ಬಿಚ್ಚುತ್ತ ಹೇಳಿದಳು. "ಅಮ್ಮಾ, ಆನ್ಯುಯಲ್ ಡೇಗೆ ಮ್ಯೂಸಿಕಲ್ ಇದೆ. ಮೈ ಸೆಲೆಕ್ಟ್ ಹೋಗಯೀ. ಸಾರಸ ಪಕ್ಷಿ ನಾನು. ಹಾಡಬೇಕು."

ಅಹಲ್ಯಾಳಿಗೆ ಖುಷಿಯೇ ಆಗಬೇಕಿತ್ತು. ಆದರೆ ಮನೆಯಲ್ಲಿ ಸಾವಾಗಿ ವರ್ಷ ತುಂಬಿರಲಿಲ್ಲ. ಆ ವರ್ಷ ಹಬ್ಬವಿಲ್ಲ, ಹೋಳಿಗೆಯಿಲ್ಲ, ರೇಡಿಯೋ ಕೂಡ ಹಾಕಿರಲಿಲ್ಲ. ಇಂಥ ವಿಷಯದಲ್ಲಿ ಆ ಸಾಲಿನ ಕನ್ನಡದವರಿಗೆಲ್ಲ ಸುಪ್ರೀಂ ಕೋರ್ಟು ಅಂದರೆ ಕೆಳಗಿನ ಮನೆಯ ಶಾರದಮ್ಮ. ಬಾಗಲಕೋಟೆ ಕಡೆಯವರು. ದಿಲ್ಲಿಗೆ ಬಂದು ಕೂದಲು ನರೆತರೂ ಹಿಂದಿ ಕಲಿಯಲಿಲ್ಲ. ತರಕಾರಿ ಗಾಡಿಯ ಭಯ್ಯಾನೇ ಸೋತು ಕನ್ನಡದಲ್ಲಿ ಬದನೆಕಾಯಿ ಅನ್ನಲು ಕಲಿತಿದ್ದ. ಅಹಲ್ಯಾ ಹೋಗಿ ಕೇಳಿದಳು.

"ವರ್ಷ ತುಂಬೂತನಕ ಹಾಡು ಕುಣಿತ ಬ್ಯಾಡವಾ" ಎಂದರು ಶಾರದಮ್ಮ. "ಮುಂದಿನ ವರ್ಷ ಹಾಡ್ಲಿ. ಹುಡುಗಿ ಎಲ್ಲಿ ಓಡಿಹೋಗತದ?"

ಅಹಲ್ಯಾ ಮೇಲೆ ಬಂದು ಬೇಡವೆಂದಳು. ಮಗಳು ಹಟ ಮಾಡುತ್ತಾಳೆ, ಬಾಗಿಲು ಧಡಾರನೆ ಹಾಕುತ್ತಾಳೆ ಎಂದು ಕಾದಳು. ಪ್ರಕೃತಿ "ಠೀಕ್ ಹೈ" ಎಂದು ತಟ್ಟೆ ತೊಳೆದಿಟ್ಟಳು. ಹಟ ಮಾಡಿದ್ದರೆ ಅಹಲ್ಯಾಳಿಗೆ ಎಷ್ಟೋ ವಾಸಿಯಿತ್ತು.

ಆ ವಾರವೇ ಶಾಲೆಯಿಂದ ಕರೆ ಬಂತು. ಸಂಗೀತದ ಭಟ್ನಾಗರ್ ಮೇಡಂ ದಪ್ಪನೆಯ, ಗಡಸು ದನಿಯ ಹೆಂಗಸು. ಹಾರ್ಮೋನಿಯಂ ಮೇಲೆ ಮೊಣಕೈ ಊರಿ ಹಿಂದಿಯಲ್ಲಿ ನೇರವಾಗಿ ಕೇಳಿದರು. "ಹುಡುಗಿಯನ್ನು ಯಾಕೆ ಬಿಡಿಸ್ತಿದೀರಿ? ಪರೀಕ್ಷೆ ಅಂತ ಮಾತ್ರ ಹೇಳಬೇಡಿ, ಎಲ್ಲ ತಾಯಂದಿರೂ ಅದನ್ನೇ ಹೇಳ್ತಾರೆ. ಜನವರಿಯಿಂದ ಈ ಮಗು ಕ್ಲಾಸಲ್ಲಿ ಕೈ ಎತ್ತಿರಲಿಲ್ಲ, ಗೊತ್ತೇ? ದಸರಾ ರಜೆಗೆ ಮೊದಲೇ ನಾಟಕದ ತಾಲೀಮು ಶುರುವಾಯಿತು, ಅಲ್ಲಿಂದ ಎತ್ತುತ್ತಾಳೆ. ಹತ್ತು ಮಕ್ಕಳ ಜೊತೆ ಉಸಿರು ಕೂಡಿಸಿ ಹಾಡಬೇಕಲ್ಲ, ಮೂಲೆಯಲ್ಲಿ ಒಬ್ಬಳೇ ಕೂರೋಕೆ ಆಗಲ್ಲ. ಗಣಿತದ ಟೀಚರೇ ಬಂದು ಹೇಳಿದರು, ಹುಡುಗಿಗೆ ದನಿ ಬಂದಿದೆ ಅಂತ."

ಅಹಲ್ಯಾ ವರ್ಷದ ನಿಯಮ ವಿವರಿಸಿದಳು. ಮೇಡಂ ಗೇಲಿ ಮಾಡಲಿಲ್ಲ. ಹಾರ್ಮೋನಿಯಂ ಮೇಲಿಂದ ಮೊಣಕೈ ತೆಗೆದು, "ನಿಮ್ಮಲ್ಲಿ ವರ್ಷ ತುಂಬೋದ್ರೊಳಗೆ ಅಳಬಹುದಾ?" ಎಂದರು.

"ಅಳೋದಕ್ಕೇನು, ಅಳಬಹುದು."

"ಅವಳ ಪಾತ್ರ ಅಷ್ಟೇ. ಜೋಡಿ ಸಾರಸ ಹಾರಿಹೋಗಿ ತಿರುಗಿ ಬರೋದಿಲ್ಲ. ಉಳಿದದ್ದು ಗದ್ದೆಯಲ್ಲಿ ನಿಂತು ಕರೆಯುತ್ತೆ. ಕುಣಿತ ಇಲ್ಲ."

ಅಹಲ್ಯಾ ಗುಮಾಸ್ತೆಯಾಗಿ ಕೆಲವೇ ತಿಂಗಳಾಗಿದ್ದರೂ ಒಂದು ಪಾಠ ಕಲಿತಿದ್ದಳು. ದಿಲ್ಲಿಯ ಕಚೇರಿಗಳಲ್ಲಿ ಯಾರೂ ನಿಯಮ ಮುರಿಯುವುದಿಲ್ಲ, ಸ್ಪಷ್ಟೀಕರಣ ಕೇಳುತ್ತಾರೆ. ಅವಳು ಮತ್ತೆ ಶಾರದಮ್ಮನ ಮುಂದೆ ಕೂತಳು. "ಹಾಡು ಬೇಡ ಅಂದ್ರಿ ಸರಿ. ಅಳುವ ಹಾಡಾದರೆ?"

ಶಾರದಮ್ಮ ಹತ್ತಿಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಹಾಕಿರಲಿಲ್ಲ. ಬತ್ತಿಯನ್ನು ತಟ್ಟೆಗೆ ಹಾಕಿ ಹೇಳಿದರು. "ನಮ್ಮ ಊರಾಗ ಯಾರರೆ ಸತ್ರ ಹೆಣ್ಮಕ್ಕಳು ಹಾಡ್ಯಾಡೇ ಅಳತಿದ್ರವಾ. ಸತ್ತವರ ಒಂದೊಂದು ಗುಣ ಎತ್ತಿ ಹಾಡಿ ಅಳೋರು. ನನಗ ಮರತೇ ಹೋಗಿತ್ತು ನೋಡು. ಇಲ್ಲಿಗೆ ಬಂದ ಮ್ಯಾಲೆ ಎಲ್ಲಾರೂ ಬಾಯಿ ಮುಚ್ಚಿಕೊಂಡ ಅಳತೀವಿ, ಬಾಜೂ ಫ್ಲ್ಯಾಟಿನವರು ಏನಂತಾರೋ ಅಂತ." ಆಮೇಲೆ ತೀರ್ಪು ಕೊಟ್ಟರು. "ಹಾಡ್ಲಿ. ಮಾರಿಗೆ ಬಣ್ಣ ಹಚ್ಚಬಾರದು, ಹೂ ಮುಡೀಬಾರದು. ನಾನೂ ಬಂದು ನೋಡಾಕಿ."

ಡಿಸೆಂಬರಿನ ಮಧ್ಯಾಹ್ನ, ಶಾಲೆಯ ಮೈದಾನದಲ್ಲಿ ಶಾಮಿಯಾನ. ಉಳಿದ ಹಕ್ಕಿಗಳಿಗೆಲ್ಲ ಕೆನ್ನೆ ತುಂಬ ಬಣ್ಣ, ಬೆನ್ನಿಗೆ ಮಿಂಚುವ ರೆಕ್ಕೆ. ನಡುವೆ ಪ್ರಕೃತಿ ಒಬ್ಬಳೇ ಬರಿಮುಖದಲ್ಲಿ, ಬೂದು ಶಾಲು ಹೊದ್ದು ನಿಂತಿದ್ದಳು. ಮುಂದಿನ ಸಾಲಿನ ಒಬ್ಬಾಕೆ "ಇವಳಿಗೆ ಮೇಕಪ್ ಮಾಡೋದು ಮರೆತರಾ?" ಎಂದು ಪಕ್ಕದವಳನ್ನು ಕೇಳಿದಳು. ಅಷ್ಟರಲ್ಲಿ ಹುಡುಗಿ ಬಾಯಿ ತೆರೆದಳು. ಆ ದನಿ ಸಣ್ಣಗೆ ಶುರುವಾಗಿ ಮೇಲೇರಿತು. ಕೊನೆಯ ಸಾಲಿನಲ್ಲಿ ಒಂದೇ ಸ್ವರವನ್ನು ಹಿಡಿದು, ಹಿಡಿದು, ಅದು ಸವೆದುಹೋಗುವ ತನಕ ಬಿಡಲಿಲ್ಲ. ಬಿಟ್ಟಾಗ ಅವಳ ಭುಜ ಒಮ್ಮೆ ಎದ್ದು ಬಿತ್ತು, ಕಣ್ಣಿಂದ ನೀರು ಇಳಿಯಿತು. ಬಣ್ಣವಿಲ್ಲದ ಕೆನ್ನೆಯಲ್ಲಿ ಅದು ನೀರಾಗಿಯೇ ಕಂಡಿತು. ಸುತ್ತ ನಿಂತಿದ್ದ ಹಕ್ಕಿಗಳೆಲ್ಲ ಅದೇ ಸ್ವರವನ್ನು ಎತ್ತಿಕೊಂಡವು.

ಶಾರದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಅಹಲ್ಯಾಳ ಕಣ್ಣು ಒಣಗಿಯೇ ಇತ್ತು. ಮಗಳು ಅತ್ತಳು, ಸದ್ಯ ಅತ್ತಳು ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು. ಸಂತೋಷ ಎಲ್ಲೋ ಪಕ್ಕದ ಮನೆಯಲ್ಲಿ ನಡೆಯುತ್ತಿರುವಂತಿತ್ತು.

ಶಾರದಮ್ಮನನ್ನು ಅವರ ಮಗ ಸ್ಕೂಟರಿನಲ್ಲಿ ಕರೆದೊಯ್ದ. ತಾಯಿ ಮಗಳು ಸೈಕಲ್ ರಿಕ್ಷಾ ಹತ್ತಿದರು. ಪ್ರಕೃತಿ ಕಡಲೆಕಾಯಿ ಸುಲಿದು ತಿನ್ನುತ್ತ, ಯಾರು ಲೈನ್ ಮರೆತರು, ಯಾರ ರೆಕ್ಕೆ ಕಳಚಿತು ಎಂದು ಒಂದೇ ಸಮನೆ ವಟಗುಟ್ಟುತ್ತಿದ್ದಳು.

"ಅಷ್ಟು ಜನರ ಮುಂದೆ ಹೇಗೆ ಅತ್ತೆ ಪುಟ್ಟಾ?" ಎಂದು ಅಹಲ್ಯಾ ಕೇಳಿದಳು.

"ಅಳೋದಲ್ಲ ಅಮ್ಮಾ. ಮೇಡಂ ಕೆಹತೀ ಹೈ, ಅಳಬೇಡ, ಉಸಿರು ಬಿಡು ಅಂತ. ಲಾಸ್ಟ್ ನೋಟ್ ಇದೆ ನಾ, ಅದನ್ನ ಪೂರಾ ಖಾಲಿ ಆಗೋವರೆಗೂ ಹಿಡೀಬೇಕು. ಆಮೇಲೆ ಉಸಿರು ತಾನೇ ಒಳಗೆ ಬರತ್ತೆ. ಅದರ ಜೊತೇಲಿ ಅಳೂನೂ ಬರತ್ತೆ." ಒಂದು ಕಡಲೆಕಾಯಿ ಒಡೆದು ಅಮ್ಮನ ಕೈಗಿಟ್ಟಳು. "ಮೊದಲು ನನಗೂ ಬರ್ತಿರಲಿಲ್ಲ. ನಾನು ನಿನ್ ಥರಾನೇ ನಿಂತ್ಕೊಳ್ತಿದ್ದೆ, ಬಿಲ್ಕುಲ್ ಸೀಧಾ, ಕಂಬದ ಥರ. ಹೀಗೆ ನಿಲ್ಲೋದು ಎಲ್ಲಿ ಕಲಿತೆ ಅಂತ ಮೇಡಂ ಕೇಳಿದ್ರು. ನಾನು ಹೇಳ್ಲಿಲ್ಲ."

ರಿಕ್ಷಾ ಮಾರ್ಕೆಟ್ಟು ದಾಟಿತು. ಕಡಲೆಕಾಯಿ ಅಹಲ್ಯಾಳ ಅಂಗೈಯಲ್ಲೇ ಇತ್ತು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ, "ನನಗೂ ಹೇಳ್ಕೊಡ್ತೀಯಾ?" ಎಂದಳು.

ಪ್ರಕೃತಿ ನಗಲಿಲ್ಲ. ಮೇಡಂ ತನಗೆ ಮಾಡಿದಂತೆಯೇ ಅಮ್ಮನನ್ನು ಗೋಡೆಯಿಂದ ಈಚೆಗೆ ನಿಲ್ಲಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅಹಲ್ಯಾ "ಆ" ಎಂದು ಎಳೆದಳು. ಅರ್ಧಕ್ಕೇ ಕೆಮ್ಮು ಬಂತು, ಮತ್ತೇನೂ ಬರಲಿಲ್ಲ.

"ಬರ್ತಿಲ್ಲ ಕಣೆ."

"ನೀನು ಖಾಲಿ ಮಾಡ್ಲೇ ಇಲ್ಲ. ಒಳಗೆ ಇಟ್ಕೊಂಡಿದೀಯ. ಫಿರ್ ಸೇ. 'ಆ' ಅಂತಾನೇ ಅನ್ನಬೇಕಂತಿಲ್ಲ, ನಿನಗೆ ಯಾವುದು ಈಸಿನೋ ಅದನ್ನ ಹಿಡಿ."

ಅಹಲ್ಯಾ ಉಸಿರೆಳೆದುಕೊಂಡಳು. ಯಾವುದು ಸುಲಭ ಎಂದು ಹುಡುಕಬೇಕಾಗಲಿಲ್ಲ, ಬಾಯಿಗೆ ಅದೇ ರೂಢಿಯಾಗಿತ್ತು.

"ರೀ" ಎಂದಳು.

ಅಡುಗೆಮನೆಯಿಂದ ಮುಂದಿನ ಕೋಣೆಗೆ ಕೇಳುವಷ್ಟು ದನಿಯಲ್ಲಿ ಶುರುವಾಗಿ, ಸೆಂಟ್ರಲ್ ಸೆಕ್ರೆಟೇರಿಯಟ್ಟಿನ ತನಕ ಮುಟ್ಟಬೇಕು ಎನ್ನುವ ಹಾಗೆ ಅದನ್ನು ಎಳೆದಳು. ಉಸಿರು ತೀರಿತು. ಆದರೂ ಬಿಡಲಿಲ್ಲ. ಆಮೇಲೆ ಉಸಿರು ತಾನೇ ಒಳಗೆ ಬಂತು.

ಅಂಗೈ ಕೆಳಗೆ ಅಮ್ಮನ ಹೊಟ್ಟೆ ಅದುರತೊಡಗಿದ್ದು ಪ್ರಕೃತಿಗೆ ತಿಳಿಯಿತು. ಅವಳು ಕೈ ತೆಗೆಯಲಿಲ್ಲ.