ಖಾನಾಪುರದ ಗಾಡಿ ಮತ್ತು ನಾನು ಕಾದ ಗೇಟು

ಮೊನ್ನೆ ಸಂಜೆ ಮೊಬೈಲು ಒಮ್ಮೆ ನಡುಗಿತು. ಹೊಸ ಕಂಪ್ಯೂಟರಿನಿಂದ ಯಾರೋ ನಿಮ್ಮ ಖಾತೆ ತೆರೆಯುತ್ತಿದ್ದಾರೆ, ಬಿಡಲೇ ಎಂದು ಕೇಳುತ್ತಿತ್ತು. ಯೋಚಿಸದೆ 'ಬೇಡ' ಒತ್ತಿದೆ. ಅದು ನನ್ನ ಹಳೆಯ ರೋಗ. ಒಳಕೋಣೆಯಿಂದ ಹೆಂಡತಿ ಕೂಗಿದಳು: “ಮೊಮ್ಮಗಳ ಫೋಟೊ ನೋಡಾಕ ಕುಂತೀನ್ರಿ, ಇದು ನನ್ನ ಒಳಗ ಬಿಡವಲ್ದು!” ಏಳಬೇಕಿತ್ತು, ಏಳಲಿಲ್ಲ. ನಿಮಗೂ ಗೊತ್ತಿರಬೇಕು, ದಣಿದ ಮನುಷ್ಯ ಏಳುವ ಮೊದಲು ಏನಾದರೊಂದು ನೆನಪಿನ ನೆಪ ಹುಡುಕುತ್ತಾನೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಟಿಳಕವಾಡಿಯಲ್ಲಿ, ಬೀಜ-ಗೊಬ್ಬರದ ಒಂದು ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದೆಂದರೆ ಹೆಚ್ಚಾಗಿ ಧೂಳು ಒರೆಸುವುದು. ಮೂಲೆಯ ಗಾಜಿನ ಕೋಣೆಯಲ್ಲಿ ಸರ್ವರ್ ಇತ್ತು. ಇಡೀ ಕಚೇರಿಯಲ್ಲಿ ಎ.ಸಿ. ಭಾಗ್ಯ ಅದಕ್ಕೊಂದಕ್ಕೇ. ಯಾರು ಯಾವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೊಟ್ಟರೂ ಅದು ಸರ್ವರನ್ನು ಕೇಳಿಯೇ ಒಳಗೆ ಬಿಡುತ್ತಿತ್ತು.

ಅಲ್ಲೊಂದು ಪದ್ಧತಿಯಿತ್ತು. ಸಂಜೆಯ ಪ್ಯಾಸೆಂಜರ್ ಗಾಡಿಗೆ ಖಾನಾಪುರಕ್ಕೆ ಹೋಗುವವರು, ತಮ್ಮ ಕಂಪ್ಯೂಟರ್ ಕೈಕೊಟ್ಟರೆ, ಯಾರ ಕುರ್ಚಿಯಲ್ಲಾದರೂ ಕೂತು, ದಿನದ ದಾಸ್ತಾನಿನ ಲೆಕ್ಕ ತುಂಬಿಸಿ ಹೊರಡಬಹುದು. ಊರಲ್ಲೇ ಮನೆಯಿದ್ದವರು ತಾವಾಗಿ ಎದ್ದು ಜಾಗ ಬಿಡುತ್ತಿದ್ದರು. ಹೊಸ ಸಾಹೇಬರಿಗೆ ಇದು ಹಿಡಿಸಲಿಲ್ಲ. “ಯಾರ ಕುರ್ಚ್ಯಾಗ ಯಾರು ಕುಂತಿದ್ರು ಗೊತ್ತಾಗೂದ ಬ್ಯಾಡೇನ್ರಿ? ಒಬ್ಬರಿಗೆ ಒಂದ ಕಂಪ್ಯೂಟರ್. ಕಟ್ಟಿಹಾಕ್ರಿ.” ಸರ್ವರಿನಲ್ಲಿ ಪ್ರತಿ ಹೆಸರಿನ ಮುಂದಿದ್ದ 'ಎಲ್ಲ ಕಂಪ್ಯೂಟರುಗಳು' ಎಂಬುದನ್ನು ತೆಗೆದು, ಒಬ್ಬೊಬ್ಬರಿಗೆ ಒಂದೊಂದನ್ನೇ ಬರೆದೆ. ಸಂಬಳದ ಎತ್ತು ಹೇಳಿದತ್ತ ನಡೆಯಿತು.

ಮಹಾದೇವಿ ಬಾಣಂತನ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದಳು. ಎಳೆಗೂಸು ಖಾನಾಪುರದಲ್ಲಿ ಅತ್ತೆಯ ಹತ್ತಿರ. ಒಂದು ಸಂಜೆ ಅವಳ ಕಂಪ್ಯೂಟರ್ ಕೆಟ್ಟು ನಿಂತಿತು. ದಾಸ್ತಾನು ತುಂಬಿಸದೆ ಹೋದರೆ ಆ ದಿನ ಗೈರುಹಾಜರಿ, ಅವಳ ರಜೆಯೆಲ್ಲ ಮುಗಿದಿತ್ತು. ಸುತ್ತಲಿನ ಖಾಲಿ ಕಂಪ್ಯೂಟರುಗಳಲ್ಲಿ ಒಂದೂ ಅವಳನ್ನು ಬಿಡಲಿಲ್ಲ. ಹಿರಿಯ ಗುಮಾಸ್ತ ಪಾಟೀಲ ಕಾಕಾ ಸುಮ್ಮನಿರದೆ ಅವಳ ಮೇಜಿನ ಭಾರದ ಮಾನಿಟರನ್ನೇ ಎದೆಗವಚಿಕೊಂಡು ತಂದು, ತಮ್ಮ ಕಂಪ್ಯೂಟರಿನ ಡಬ್ಬಿಗೆ ಜೋಡಿಸಿಬಿಟ್ಟರು. ಆಗಲೂ 'ಅನುಮತಿ ಇಲ್ಲ'.

“ಇದು ಅಕೀ ಕಂಪ್ಯೂಟರ್ ಅಲ್ಲೇನ್ರಿ? ಮತ್ತ್ಯಾಕ ಬಿಡವಲ್ದು?” ಎಂದು ಏದುಸಿರು ಬಿಡುತ್ತ ಕೇಳಿದರು ಕಾಕಾ.

ಸರ್ವರ್ ಗುರುತು ಹಿಡಿಯುವುದು ಡಬ್ಬಿಯನ್ನು, ಪರದೆಯನ್ನಲ್ಲ. ನನಗೆ ನಗು ಬಂತು. ಮಹಾದೇವಿಯನ್ನು ನೋಡಿದ ಮೇಲೆ ಇಂಗಿಹೋಯಿತು. ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದಳು, ಆದರೂ ಒದ್ದೆ ಕಾಣುತ್ತಿತ್ತು. “ಕೂಸು ಬಾಟ್ಲಿ ಮುಟ್ಟೂದಿಲ್ರೀ ಸರ್. ಗಾಡಿ ತಪ್ಪಿದ್ರ ಅತ್ತು ಅತ್ತು ಹೈರಾಣ ಆಗತೈತಿ” ಎಂದಳು.

ಸಾಹೇಬರು ಊರಲ್ಲಿರಲಿಲ್ಲ. ಇದ್ದರೂ ಕೇಳುತ್ತಿರಲಿಲ್ಲವೇನೋ. ಗಾಜಿನ ಕೋಣೆಗೆ ಹೋಗಿ ಅವಳ ಹೆಸರಿನ ಮುಂದೆ ಮತ್ತೆ 'ಎಲ್ಲ ಕಂಪ್ಯೂಟರುಗಳು' ಎಂದು ಮಾಡಿದೆ. ಅವಳು ತುಂಬಿಸಿ ಓಡಿದಳು. ಸ್ವಲ್ಪ ಹೊತ್ತಿಗೆ ನಮ್ಮ ಕಿಟಕಿಯ ಕೆಳಗಿನ ರೈಲ್ವೆ ಗೇಟು ಬಿತ್ತು, ಗಾಡಿ ಬಂತು. ಬೋಗಿಯ ಬಾಗಿಲಲ್ಲಿ ನಿಂತು ಅವಳು ಕೈ ಬೀಸಿದಳು. ಪಾಟೀಲ ಕಾಕಾ ಮಾನಿಟರನ್ನು ವಾಪಸು ಹೊತ್ತುಕೊಂಡು ಹೋದರು.

ಸಾಹೇಬರು ಬಂದು, ಬೈದು, ಮತ್ತೆ ಕಟ್ಟಿಸಿದರು. ಅಂದಿನಿಂದ ಖಾನಾಪುರದವರ ಹೆಸರುಗಳನ್ನು ಸಂಜೆ ಬಿಚ್ಚುವುದು, ಸಾಹೇಬರು ಬರುವ ಮೊದಲೇ ಬೆಳಿಗ್ಗೆ ಕಟ್ಟುವುದು ನನ್ನ ಗುಟ್ಟಿನ ದಿನಚರಿಯಾಯಿತು. ಕೆಳಗಿನ ಗೇಟಿನವನಿಗೂ ನನಗೂ ಒಂದೇ ಕೆಲಸ, ಅವನಿಗೆ ಹಸಿರು ಬಾವುಟವಾದರೂ ಇತ್ತು. ಸಂಬಳಕ್ಕೊಂದು ಕೆಲಸ, ಅದನ್ನು ಕೆಡಿಸಲು ಇನ್ನೊಂದು, ಎರಡನ್ನೂ ಒಬ್ಬನೇ ವರ್ಷಗಟ್ಟಲೆ ಮಾಡಿ ಸೋತುಹೋದೆ. ನಿವೃತ್ತಿಯಾದರೂ ಆ ಸುಸ್ತು ಇಳಿದಿಲ್ಲ.

“ನಾನೇನು ಕಳ್ಳಿ ಏನ್ರಿ?” ಹೆಂಡತಿ ಮತ್ತೆ ಕೂಗಿದಳು.

ಎದ್ದೆ. ಅವಳು ಇನ್ನೊಮ್ಮೆ ಪಾಸ್‌ವರ್ಡ್ ಕೊಟ್ಟಳು. ಈ ಬಾರಿ ಮೊಬೈಲು 'ಇದೊಂದು ಸಲ' ಬಿಡಲೋ, 'ಯಾವಾಗಲೂ' ಬಿಡಲೋ ಎಂದು ಕೇಳಿತು. ಬೆರಳು ರೂಢಿಯಂತೆ ಮೊದಲನೆಯದರತ್ತ ಹೋಯಿತು. ತಡೆದು, 'ಯಾವಾಗಲೂ' ಒತ್ತಿದೆ. ಮೊಮ್ಮಗಳ ಫೋಟೊಗಳು ಬಂದವು, ಹೆಂಡತಿ ಸರಿದು ಜಾಗ ಕೊಟ್ಟಳು. ನಾಳೆ ಬೆಳಿಗ್ಗೆ ಎದ್ದು ಕಟ್ಟುವ ಕೆಲಸ ನನಗಿಲ್ಲ.